ಭೀಮನ ಅಮಾವಾಸ್ಯೆಗೆ ನಡುಹಗಲ ಇರುಳು

2027ರ ಆಗಸ್ಟ್ 2, ಸೋಮವಾರ. ಈಜಿಪ್ಟಿನ ಲಕ್ಸರ್. ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿ ಕೆಲವೇ ನಿಮಿಷ. ಆಗಸ್ಟಿನ ಆ ಬಿಸಿಲಲ್ಲಿ, ನೈಲ್ ನದಿಯ ದಂಡೆಯ ಮರಳು ಕಾದ ಬಾಣಲೆಯಾಗಿರುವ ಹೊತ್ತಿನಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವ ಸೂರ್ಯ ಆರಿಹೋಗುತ್ತಾನೆ! ಒಂದು ನಿಮಿಷವಲ್ಲ, ಎರಡಲ್ಲ. ಲಕ್ಸರ್‌ನಿಂದ ತುಸು ಆಗ್ನೇಯಕ್ಕೆ ಹೋದರೆ 6 ನಿಮಿಷ 23 ಸೆಕೆಂಡು. ಇಪ್ಪತ್ತೊಂದನೆಯ ಶತಮಾನದ ಎರಡನೆಯ ಅತಿ ದೀರ್ಘ ಖಗ್ರಾಸ ಸೂರ್ಯಗ್ರಹಣ ಇದು. ಮೊದಲನೆಯದು 2009ರಲ್ಲೇ ಬಂದು ಹೋಯಿತು.

ನಾಳೆ ನಮ್ಮೂರಲ್ಲಿ ಮಳೆ ಬರುತ್ತದೋ ಇಲ್ಲವೋ ಎಂದು ಖಚಿತವಾಗಿ ಹೇಳುವವರಿಲ್ಲ. ಆದರೆ ಚಂದ್ರನ ನೆರಳು ಯಾವ ದಿನ, ಯಾವ ಊರಿನ ಯಾವ ಬೀದಿಯ ಮೇಲೆ, ಎಷ್ಟು ಸೆಕೆಂಡು ನಿಲ್ಲುತ್ತದೆ ಎಂಬುದು ಎಷ್ಟೋ ವರ್ಷ ಮೊದಲೇ ಗೊತ್ತು. ಬೇರೆ ಯಾವ ಅದ್ಭುತ ಹೀಗೆ ಹೊತ್ತು ಕೊಟ್ಟು ಬರುತ್ತದೆ ಹೇಳಿ? ಅದು ಬಂದೇ ಬರುತ್ತದೆ. ನಾವು ಅಲ್ಲಿರುತ್ತೇವೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಆ ಪ್ರಶ್ನೆ ತಲೆಗೆ ಹತ್ತಿದ ದಿನದಿಂದ ನನ್ನ ಮೇಜಿನ ಮೇಲೆ ಭೂಪಟ, ಪಂಚಾಂಗ, ವಿಮಾನದ ವೇಳಾಪಟ್ಟಿ ಮೂರೂ ಒಂದರ ಮೇಲೊಂದು ಬಿದ್ದಿವೆ. ಒಂದನ್ನು ಎಳೆದರೆ ಇನ್ನೊಂದು ಬೆರಗು ಜೊತೆಗೇ ಉದುರುತ್ತದೆ.

ಮೊದಲು ಉದುರಿದ್ದು ಪಂಚಾಂಗದಿಂದ. 2027ರ ಆಗಸ್ಟ್ 2 ಆಷಾಢ ಅಮಾವಾಸ್ಯೆ, ಅಂದರೆ ನಮ್ಮ ಭೀಮನ ಅಮಾವಾಸ್ಯೆ! ಹಿಂದಕ್ಕೆ ತಿರುವಿ ನೋಡಿದೆ. 2026ರ ಆಗಸ್ಟ್ 12, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್ ದಾರಿಯ ಖಗ್ರಾಸ: ಅವತ್ತೂ ಭೀಮನ ಅಮಾವಾಸ್ಯೆ. 2009ರ ಜುಲೈ 22: ಅದೂ ಅದೇ. ಇದರಲ್ಲಿ ಮಾಯೆಯೇನೂ ಇಲ್ಲ. ಸೂರ್ಯಗ್ರಹಣ ಆಗುವುದೇ ಅಮಾವಾಸ್ಯೆಯಂದು, ವರ್ಷದ ಹನ್ನೆರಡು ಹದಿಮೂರು ಅಮಾವಾಸ್ಯೆಗಳಲ್ಲಿ ಯಾವುದಕ್ಕಾದರೂ ಅದು ಬೀಳಲೇಬೇಕು. ಆದರೂ ಗಂಡಂದಿರ ಪಾದಪೂಜೆಯ ದಿನವನ್ನೇ ಆ ನೆರಳು ಮತ್ತೆ ಮತ್ತೆ ಆರಿಸಿಕೊಂಡಿದ್ದು ನೋಡಿ ಮನೆಯಲ್ಲಿ ನಗೆಯೋ ನಗೆ. "ಪೂಜೆ ಬೆಳಿಗ್ಗೆನೇ ಮುಗಿಸ್ಕೊಳ್ಳಿ, ಆಮೇಲೆ ನೀವುಂಟು ನಿಮ್ಮ ಸೂರ್ಯ ಉಂಟು," ಎಂದು ನನ್ನಾಕೆ ಈಗಲೇ ಹೇಳಿಯಾಗಿದೆ.

ಇಷ್ಟು ದೀರ್ಘ ಗ್ರಹಣ ಹೇಗೆ? ಚಂದ್ರನಿಗಿಂತ ಸೂರ್ಯ ಸುಮಾರು 400 ಪಟ್ಟು ದೊಡ್ಡವನು, ಸುಮಾರು 400 ಪಟ್ಟು ದೂರದವನೂ ಹೌದು. ಹಾಗಾಗಿ ನಮ್ಮ ಕಣ್ಣಿಗೆ ಇಬ್ಬರೂ ಒಂದೇ ಅಳತೆ. ಪಾತ್ರೆಯನ್ನು ಅಳೆದು ಮಾಡಿಸಿದ ಮುಚ್ಚಳದ ಹಾಗೆ ಚಂದ್ರಬಿಂಬ ಕೂರುತ್ತದೆ. ಈ ಮುಚ್ಚಳ ಒಮ್ಮೊಮ್ಮೆ ಚಿಕ್ಕದಾಗುತ್ತದೆ, ಆಗ ಸುತ್ತ ಉಂಗುರ ಉಳಿದು ಕಂಕಣ ಗ್ರಹಣ. 2019ರ ಡಿಸೆಂಬರ್ 26ರಂದು ಕೊಡಗಿನ ಕುಟ್ಟದಲ್ಲಿ ನಿಂತವರು ಕಂಡದ್ದು ಅದನ್ನೇ. 2027ರಲ್ಲಿ ಎಲ್ಲವೂ ಗ್ರಹಣದ ಪರವಾಗಿ ಕೂಡಿಬಂದಿವೆ. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರ ಇರುತ್ತದೆ, ಆಗಸ್ಟ್ ಆರಂಭದಲ್ಲೂ ಆ ದೂರ ಬಹಳ ತಗ್ಗಿರುವುದಿಲ್ಲ. ಹಾಗಾಗಿ ಸೂರ್ಯಬಿಂಬ ತುಸು ಕಿರಿದು. ಚಂದ್ರ ಭೂಮಿಗೆ ಹತ್ತಿರ ಬಂದಿರುತ್ತಾನೆ, ಆದ್ದರಿಂದ ಅವನ ಬಿಂಬ ತುಸು ಹಿರಿದು. ಸೂರ್ಯ ನೆತ್ತಿಯ ಹತ್ತಿರ ಇರುವುದರಿಂದ, ನೆರಳು ಪೂರ್ವಕ್ಕೆ ಓಡುವಾಗ ಕಾಲಡಿಯ ನೆಲವೂ ಅದೇ ದಿಕ್ಕಿಗೆ ತಿರುಗುತ್ತಾ ಅದರ ಜೊತೆ ಹೆಜ್ಜೆ ಹಾಕುತ್ತದೆ. ಹಾಗೆ ಹೆಜ್ಜೆ ಹಾಕಿಯೂ ನೆರಳು ನಮ್ಮನ್ನು ಹಿಂದಿಕ್ಕುವ ವೇಗ ಗಂಟೆಗೆ ಸುಮಾರು 2,400 ಕಿ.ಮೀ. ಆ ನೆರಳಿನ ಪಟ್ಟಿಯ ಅಗಲ ಸುಮಾರು 258 ಕಿ.ಮೀ.

ಇಷ್ಟಕ್ಕೇ ನಾನು ತೃಪ್ತನಾಗಿದ್ದೆ. ಆದರೆ ಈ ನೆರಳಿಗೆ ಒಂದು ವಂಶವಿದೆ ಎಂದು ತಿಳಿದ ರಾತ್ರಿ ನಿದ್ದೆ ಹಾರಿಹೋಯಿತು.

ಸಾರೋಸ್ ಎಂಬ ಚಕ್ರದ ಹೆಸರು ಕೇಳಿರಬಹುದು. 18 ವರ್ಷ, 11 ದಿನ, 8 ಗಂಟೆ. ಅಷ್ಟರಲ್ಲಿ 223 ಅಮಾವಾಸ್ಯೆಗಳು ಕಳೆಯುತ್ತವೆ. ಚಂದ್ರ ತನ್ನ ದೂರ ಹತ್ತಿರಗಳ ಸುತ್ತನ್ನೂ, ರಾಹು ಕೇತು ಬಿಂದುಗಳನ್ನು ಹಾಯುವ ಸುತ್ತನ್ನೂ ಹೆಚ್ಚುಕಡಿಮೆ ಪೂರ್ಣ ಸಂಖ್ಯೆಯಲ್ಲಿ ಮುಗಿಸಿ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತಾನೆ. ಹಾಗಾಗಿ ಅದೇ ಜಾತಿಯ ಗ್ರಹಣ ಮತ್ತೆ ಹುಟ್ಟುತ್ತದೆ. 2027ರದ್ದು 136ನೆಯ ಸಾರೋಸ್ ಸರಣಿಗೆ ಸೇರಿದ್ದು. ಈ ಸರಣಿಯ ಮೊದಲ ಗ್ರಹಣ ಆದದ್ದು 1360ರಲ್ಲಿ, ವಿಜಯನಗರದಲ್ಲಿ ಬುಕ್ಕರಾಯ ಆಳುತ್ತಿದ್ದಾಗ! ದಕ್ಷಿಣ ಧ್ರುವದ ಕಡೆ ಸಣ್ಣ ಪಾರ್ಶ್ವ ಗ್ರಹಣವಾಗಿ ಹುಟ್ಟಿ, ತಲೆಮಾರಿಗೊಂದಿಷ್ಟು ಉತ್ತರಕ್ಕೆ ಸರಿಯುತ್ತಾ ಬಂದಿದೆ. ಒಟ್ಟು 71 ಗ್ರಹಣ, ಕೊನೆಯದು 2622ರಲ್ಲಿ.

ಈ ವಂಶಾವಳಿಯನ್ನು ಬೆರಳಿಟ್ಟು ಓದಿ ನೋಡಿ. 1919ರ ಮೇ 29: ಆಫ್ರಿಕದ ಪಶ್ಚಿಮ ಕರಾವಳಿಯಾಚೆಯ ಪ್ರಿನ್ಸಿಪೆ ದ್ವೀಪದಲ್ಲಿ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ ಮೋಡದ ನಡುವೆ ಚಿತ್ರ ತೆಗೆಯುತ್ತಾನೆ. ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿ ಇನ್ನೊಂದು ತಂಡ. ಸೂರ್ಯನ ಪಕ್ಕದ ನಕ್ಷತ್ರಗಳ ಬೆಳಕು ಬಾಗಿದೆ, ಐನ್‌ಸ್ಟೈನ್ ಹೇಳಿದಂತೆಯೇ ಬಾಗಿದೆ! ಆ ಒಂದು ಗ್ರಹಣ ಐನ್‌ಸ್ಟೈನ್‌ನನ್ನು ಲೋಕದ ಮನೆಮಾತಾಗಿಸಿತು. 1937: ಪೆಸಿಫಿಕ್ ಸಾಗರದ ಮೇಲೆ. 1955: ಸಿಲೋನಿನಿಂದ ಫಿಲಿಪ್ಪೀನ್ಸ್ ದಾರಿ, 7 ನಿಮಿಷ 8 ಸೆಕೆಂಡು, ಇಪ್ಪತ್ತನೆಯ ಶತಮಾನದಲ್ಲೇ ಅತಿ ದೀರ್ಘ. 1973ರ ಜೂನ್ 30: ಆ ನೆರಳನ್ನು ಓಟದಲ್ಲಿ ಹಿಡಿಯಲೇಬೇಕೆಂದು ವಿಜ್ಞಾನಿಗಳು ಕಾಂಕಾರ್ಡ್ ವಿಮಾನ ಹತ್ತಿದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಸಹರಾದ ಮೇಲೆ ನೆರಳಿನ ಜೊತೆ ಜೊತೆಗೇ ಹಾರಿ, ನೆಲದ ಮೇಲೆ ಏಳು ನಿಮಿಷ ಸಿಗುವ ಕತ್ತಲನ್ನು 74 ನಿಮಿಷ ಉಂಡರು. ಎಪ್ಪತ್ನಾಲ್ಕು ನಿಮಿಷ! 1991: ಹವಾಯಿ, ಮೆಕ್ಸಿಕೊ. 2009: ಸೂರತ್‌ನಿಂದ ವಾರಾಣಸಿ ದಾಟಿ ಚೀನಾ. ಆರ್ಯಭಟನ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ಬಿಹಾರದ ತಾರೆಗನಾದಲ್ಲಿ ಅವತ್ತು ನೆರೆದ ಜನಸಾಗರಕ್ಕೆ ಸಿಕ್ಕಿದ್ದು ಮೋಡ ಮಾತ್ರ.

ಸಾರೋಸ್ ಚಕ್ರದ ಆ ಹೆಚ್ಚುವರಿ 8 ಗಂಟೆ ಇದೆಯಲ್ಲ, ಅದರಲ್ಲಿ ಭೂಮಿ ಮೂರರಲ್ಲೊಂದು ಸುತ್ತು ಹೆಚ್ಚು ತಿರುಗುತ್ತದೆ. ಅದಕ್ಕೇ ಮುಂದಿನ ಗ್ರಹಣ ಭೂಗೋಳದ ಮೂರನೇ ಒಂದು ಪಾಲು ಪಶ್ಚಿಮಕ್ಕೆ ಬೀಳುತ್ತದೆ, ಮೂರನೆಯ ತಲೆಮಾರಿಗೆ ಮತ್ತೆ ಅದೇ ಸೀಮೆಗೆ ಮರಳುತ್ತದೆ. 1919 ಆಫ್ರಿಕ. 1973 ಆಫ್ರಿಕ. 2027 ಆಫ್ರಿಕ! ಎಡಿಂಗ್ಟನ್ ತಲೆಯೆತ್ತಿ ಕಂಡ ನೆರಳಿನ ಆರನೆಯ ತಲೆಮಾರಿನ ಕುಡಿ, ಕಾಂಕಾರ್ಡ್ ಬೆನ್ನಟ್ಟಿದ ನೆರಳಿನ ಮರಿಮಗ, ತನ್ನ ಹಳೆಯ ಸೀಮೆಗೆ ಬರುತ್ತಿದ್ದಾನೆ. ಲಕ್ಸರ್‌ನಲ್ಲಿ ನಿಂತರೆ ಅವನ ಕೆಳಗೆ ನಿಂತಂತೆ. ಇಷ್ಟು ತಿಳಿದ ಮೇಲೆ ಹೋಗದೆ ಇರುವುದು ಹೇಗೆ?

ನಮ್ಮ ನಾಡಿಗೂ ಈ ನೆರಳುಗಳು ಬಂದುಹೋಗಿವೆ, ಬೇರೆ ಬೇರೆ ವಂಶದವು. ಶಾಸನಗಳಲ್ಲಿ ಸೂರ್ಯಗ್ರಹಣದ ಹೊತ್ತಿನಲ್ಲಿ ಭೂಮಿ ಧಾರೆಯೆರೆದ ಮಾತು ಮತ್ತೆ ಮತ್ತೆ ಬರುತ್ತದೆ. ದಾನ ಕೊಟ್ಟ ಪುಣ್ಯ ದೊರೆಗೆ, ತೇದಿ ಗಟ್ಟಿಯಾಗಿ ಸಿಕ್ಕ ಲಾಭ ಇತಿಹಾಸಕಾರರಿಗೆ. ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಜಮಖಂಡಿ. 1868ರ ಆಗಸ್ಟ್ 18ರ ಖಗ್ರಾಸಕ್ಕೆ ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣ ಹಿಡಿದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬಂದಿಳಿದದ್ದು ಈಗಿನ ಬಾಗಲಕೋಟೆ ಜಿಲ್ಲೆಯ ಆ ಊರಿಗೆ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಈತ. ಆಗಸ್ಟಿನ ಮೋಡ ಕಾಡಿತು, ಆದರೆ ಮೋಡ ಸರಿದ ಬಿರುಕಿನಲ್ಲಿ ಸೂರ್ಯನ ಅಂಚಿನ ಕೆಂಜ್ವಾಲೆಯತ್ತ ಹರ್ಷೆಲ್ ರೋಹಿತದರ್ಶಕ ತಿರುಗಿಸಿದ. ಕಂಡವು ಮಿರುಗುವ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಅಂದರೆ ಅದು ಉರಿಯುವ ಅನಿಲ! ಗುಂಟೂರಿನಲ್ಲಿ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಕಂಡದ್ದೂ ಅಂಥವೇ ಗೆರೆಗಳು. ಆ ಕಿತ್ತಳೆ ಹಳದಿ ಗೆರೆ ಸೋಡಿಯಂನದಿರಬೇಕು ಎಂಬ ಊಹೆ ಎದ್ದಿತು. ಅಲ್ಲ, ಅದು ಭೂಮಿಯಲ್ಲಿ ಯಾರೂ ಕಾಣದ ಧಾತು ಎಂದು ಇಂಗ್ಲೆಂಡಿನ ನಾರ್ಮನ್ ಲಾಕ್ಯರ್‌ಗೆ ಹೊಳೆಯಿತು. ಹೀಲಿಯಂ! ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ಇದೇ ಲಾಕ್ಯರ್ 1871ರ ಡಿಸೆಂಬರ್ 12ರ ಗ್ರಹಣ ನೋಡಲು ಬಂದು ದೂರದರ್ಶಕ ಹೂಡಿದ್ದು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಬೇಕಲ ಕೋಟೆಯಲ್ಲಿ. ಬೇಕಲಕ್ಕೆ ಹೋದವರು ಕಡಲಿನ ಜೊತೆ ಒಂದು ಗಳಿಗೆ ಇದನ್ನೂ ನೆನೆಯಬಹುದು.

ಆಮೇಲೆ 1980ರ ಫೆಬ್ರವರಿ 16, ಶನಿವಾರ. ಕಾರವಾರದಿಂದ ಹುಬ್ಬಳ್ಳಿ, ಗದಗ, ರಾಯಚೂರು ದಾರಿಯಾಗಿ ನೆರಳು ಹಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ದೇಶದ ಮೂಲೆ ಮೂಲೆಗಳಿಂದ ಜನ ರೈಲು ಹತ್ತಿ ಬಂದರು. ನೆರಳಿನ ದಾರಿಯಲ್ಲೇ ಮನೆಯಿದ್ದವರು ಏನು ಮಾಡಿದರು? ಗದಗಿನ ನಮ್ಮ ಚಿಗವ್ವನನ್ನು ಕೇಳಿದೆ. "ಬಾಗಲಾ ಕಿಡಕಿ ಎಲ್ಲಾ ಹಾಕ್ಕೊಂಡು ಕುಂತಿದ್ವಿ ನೋಡಪಾ. ಪರಾತದಾಗ ನೀರ ಹಾಕಿ ಒನಕಿ ನಿಲ್ಸಿದ್ವಿ. ಕಿಡಕಿ ಸಂದ್ಯಾಗಿನ ಬೆಳಕ ಒಮ್ಮಿಗೇ ಹೋತು. ಕೋಳಿ ಕೂಗಿದ್ವು. ಮತ್ತ ಬೆಳಕ ಬಂತು, ಜಳಕಾ ಮಾಡಿದ್ವಿ." ಎರಡೂವರೆ ನಿಮಿಷದ ಆ ಆಕಾಶ ಅವರ ಅಂಗಳಕ್ಕೇ ಬಂದಿತ್ತು, ನಡುವೆ ಇದ್ದದ್ದು ಒಂದು ಕದ. (ಒನಕೆ ಗ್ರಹಣವಿಲ್ಲದ ದಿನವೂ ನಿಲ್ಲುತ್ತದೆ. ಒಮ್ಮೆ ನಿಲ್ಲಿಸಿ ನೋಡಿ.) ಭೂಮಿಯ ಮೇಲಿನ ಯಾವುದೇ ಒಂದು ಜಾಗಕ್ಕೆ ಖಗ್ರಾಸ ಬರುವುದು ಸರಾಸರಿ 375 ವರ್ಷಕ್ಕೊಮ್ಮೆ. ಅದು ತಾನಾಗಿ ಮನೆಗೆ ಬರಲಿ ಎಂದು ಕೂರುವಷ್ಟು ಆಯುಷ್ಯ ಯಾರಿಗಿದೆ? ನಾವೇ ಹೋಗಬೇಕು.

ಎಲ್ಲಿಗೆ? ನೆರಳು ಅಟ್ಲಾಂಟಿಕ್‌ನಲ್ಲಿ ಇಳಿದು, ಜಿಬ್ರಾಲ್ಟರ್ ಜಲಸಂಧಿಯ ಎರಡೂ ದಡ ಮುಟ್ಟಿ, ಸ್ಪೇನಿನ ದಕ್ಷಿಣ ತುದಿ, ಮೊರಾಕ್ಕೊ, ಅಲ್ಜೀರಿಯಾ, ಟ್ಯುನೀಶಿಯಾ, ಲಿಬಿಯಾ ಹಾಯ್ದು ಈಜಿಪ್ಟಿಗೆ ಬರುತ್ತದೆ. ಅಲ್ಲಿಂದ ಕೆಂಪು ಸಮುದ್ರ ದಾಟಿ ಸೌದಿ ಅರೇಬಿಯಾ, ಯೆಮೆನ್, ಸೊಮಾಲಿಯದ ಮೂಗಿನ ತುದಿ, ಕೊನೆಗೆ ಹಿಂದೂ ಮಹಾಸಾಗರ. ಸ್ಪೇನಿನ ಕಾಡಿಸ್‌ನಲ್ಲಿ ಮೂರು ನಿಮಿಷಕ್ಕೆ ತುಸು ಕಡಿಮೆ, ಮೊರಾಕ್ಕೊದ ಟಾಂಜಿಯರ್‌ನಲ್ಲಿ ಸುಮಾರು 4 ನಿಮಿಷ 50 ಸೆಕೆಂಡು, ಲಕ್ಸರ್‌ನಲ್ಲಿ 6 ನಿಮಿಷ 20 ಸೆಕೆಂಡಿನ ಆಸುಪಾಸು. ಇಷ್ಟೇ ಆಗಿದ್ದರೆ ಲೆಕ್ಕ ಸುಲಭ. ಆದರೆ ಗ್ರಹಣ ನೋಡುವವರು ನಿಮಿಷಕ್ಕಿಂತ ಮೊದಲು ಕೇಳುವುದು ಮೋಡವನ್ನು. ಆಗಸ್ಟಿನಲ್ಲಿ ದಕ್ಷಿಣ ಈಜಿಪ್ಟಿನ ಆಕಾಶದಲ್ಲಿ ಮೋಡ ಎಂಬುದೇ ಅಪರೂಪ! ದೀರ್ಘ ಕತ್ತಲು, ಬರಿದಾದ ಬಾನು, ಕೆಳಗೆ ಸೂರ್ಯದೇವನ ಹೆಸರು ಹೊತ್ತ ಕಾರ್ನಾಕ್ ದೇಗುಲ. ಯಾರೋ ಬೇಕೆಂದೇ ಜೋಡಿಸಿಟ್ಟ ಹಾಗಿದೆ.

ನಮ್ಮವರಲ್ಲಿ ಅದೃಷ್ಟವಂತರು ಯಾರು ಗೊತ್ತೇ? ಜೆಡ್ಡಾದಲ್ಲಿ ದುಡಿಯುವ ಕರಾವಳಿಯ ಮಂದಿ. ಭಟ್ಕಳ, ಉಡುಪಿ, ಮಂಗಳೂರಿನ ಕಡೆಯ ಎಷ್ಟೋ ಜನರಿಗೆ ಅವತ್ತು ಟಿಕೆಟ್ಟೇ ಬೇಕಿಲ್ಲ, ಅಂಗಡಿಯಿಂದ ಹೊರಬಂದರೆ ಸಾಕು. ಜೆಡ್ಡಾ, ಮೆಕ್ಕಾ ಎರಡೂ ನೆರಳಿನ ಪಟ್ಟಿಯೊಳಗಿವೆ, ಎರಡರಲ್ಲೂ ಐದು ನಿಮಿಷಕ್ಕೂ ಹೆಚ್ಚು. ಗ್ರಹಣದ ಹೊತ್ತಿಗೆಂದೇ ಇಸ್ಲಾಮಿನಲ್ಲಿ ವಿಶೇಷ ನಮಾಜ್ ಇದೆ. ಮೆಕ್ಕಾದ ಮಸೀದಿಯ ಅಂಗಳದಲ್ಲಿ ನಡುಹಗಲು ಕತ್ತಲಾಗುವ ಆ ಗಳಿಗೆಯನ್ನು ಊಹಿಸಿಕೊಳ್ಳಿ!

ಲಕ್ಸರ್‌ಗೆ ಹೋಗುವವರ ಗೋಳು ಬೇರೆ. ಕೊಠಡಿ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಕೇಳಿ ಎದೆ ಝಲ್ ಎನ್ನುತ್ತದೆ. ಇಲ್ಲಿ ರೇಖಾಗಣಿತ ಕೈಹಿಡಿಯುತ್ತದೆ. ನೆರಳಿನ ನಡುಗೆರೆಯ ಮೇಲೇ ನಿಲ್ಲಬೇಕೆಂದಿಲ್ಲ. ನಡುವಿನಿಂದ ಅಂಚಿಗೆ ಅರ್ಧ ದೂರ ಸರಿದರೂ ಐದೂವರೆ ನಿಮಿಷ ಉಳಿಯುತ್ತದೆ. ಸಮಯ ಸರ್ರನೆ ಕರಗುವುದು ಅಂಚಿನ ಹತ್ತಿರ ಹೋದಾಗ. ಹಾಗಾಗಿ ಸೊಹಾಗ್‌ನಂಥ ಊರುಗಳೂ ಆಗುತ್ತವೆ. ಆದರೆ ಪಟ್ಟಿಯ ಹೊರಗೆ ಮಾತ್ರ ಉಳಿಯಬೇಡಿ. "ಶೇಕಡಾ 99 ಕಾಣುತ್ತಲ್ಲ, ಸಾಲದೇ?" ಎಂದರೆ ಸಾಲದು. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನ ಸುಮಾರು ನಾಲ್ಕು ಲಕ್ಷ ಪಟ್ಟು. ಅದರಲ್ಲಿ ನೂರನೇ ಒಂದು ಪಾಲು ಉಳಿದರೂ ನಾಲ್ಕು ಸಾವಿರ ಹುಣ್ಣಿಮೆಗಳು ಉಳಿದಂತೆ. ಸೂರ್ಯನ ಹೊರವಲಯವಾದ ಕರೋನಾದ ಬೆಳಕು ಒಂದು ಹುಣ್ಣಿಮೆಯಷ್ಟು. ನಾಲ್ಕು ಸಾವಿರದೆದುರು ಒಂದು ಎಲ್ಲಿ ಕಂಡೀತು?

ಆ ಆರು ನಿಮಿಷಕ್ಕೆ ನಾನೊಂದು ಚೀಟಿ ಬರೆದಿಟ್ಟಿದ್ದೇನೆ, ಅಡುಗೆಯವರು ಮದುವೆ ಮನೆಗೆ ಬರೆಯುವಷ್ಟು ಮುತುವರ್ಜಿಯಿಂದ. ಸ್ಪರ್ಶ: ಖಗ್ರಾಸಕ್ಕೆ ಗಂಟೆಗೂ ಹೆಚ್ಚು ಮೊದಲು. ನೆರಳಲ್ಲಿ ಕೂರಬೇಕು, ನೀರು ಕುಡಿಯುತ್ತಿರಬೇಕು. ಅಲ್ಲಿ ಆಗಸ್ಟಿನ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಸೂರ್ಯ 82 ಡಿಗ್ರಿ ಎತ್ತರ, ಕತ್ತೆತ್ತಿ ನಿಂತರೆ ಕುತ್ತಿಗೆ ಹಿಡಿದೀತು, ಆದ್ದರಿಂದ ಒಂದು ಚಾಪೆ. ಅಂಗಾತ ಮಲಗಿ ಗ್ರಹಣ ನೋಡುವ ಭಾಗ್ಯ! ಕೊನೆಯ ಹತ್ತು ನಿಮಿಷ: ಬಿಸಿಲು ಬಿಸಿಲೇ, ಆದರೆ ಬಣ್ಣ ಕೆಟ್ಟಿರುತ್ತದೆ, ಸೀಸದ ಬಣ್ಣಕ್ಕೆ ತಿರುಗುತ್ತದೆ. ಎದ್ದು ವಾಯವ್ಯಕ್ಕೆ ನೋಡಬೇಕು, ನೈಲ್‌ನಾಚೆ ರಾಜರ ಕಣಿವೆಯ ಬೋಳುಗುಡ್ಡಗಳ ಕಡೆಗೆ. ನೆರಳು ಬರುವುದು ಆ ದಿಕ್ಕಿನಿಂದ. ನೆಲಕ್ಕೆ ಹಾಸಿದ ಬಿಳಿ ಪಂಚೆಯ ಮೇಲೆ ಹಾವಿನಂತೆ ಹರಿಯುವ ನೆರಳಿನ ಅಲೆಗಳು ಕಂಡರೂ ಕಂಡಾವು. ನಿಮೀಲನ: ಚಂದ್ರನ ಅಂಚಿನ ಕಣಿವೆಗಳ ಸಂದಿಯಿಂದ ತೂರುವ ಬೆಳಕು ಮಣಿಮಣಿಯಾಗಿ ಒಡೆಯುತ್ತದೆ, ಕೊನೆಯ ಮಣಿ ವಜ್ರದುಂಗುರವಾಗಿ ಉರಿದು ನಂದುತ್ತದೆ. ಆಗ, ಆಗ ಮಾತ್ರ, ಗ್ರಹಣದ ಕನ್ನಡಕ ತೆಗೆಯಬೇಕು. ಬರಿಗಣ್ಣು! ಕಪ್ಪು ಬಿಂಬ, ಸುತ್ತ ಮುತ್ತಿನ ಬಣ್ಣದ ಕರೋನಾ, ಅಂಚಿನಲ್ಲಿ ಗುಲಾಬಿ ಜ್ವಾಲೆ, ಸೂರ್ಯನ ಹತ್ತಿರದಲ್ಲೇ ಶುಕ್ರ, ಎಂಟೂ ದಿಕ್ಕಿನ ಅಂಚಿನಲ್ಲಿ ಸಂಜೆಗೆಂಪು. ಉನ್ಮೀಲನದ ಮೊದಲ ಕಿಡಿಗೆ ಕನ್ನಡಕ ಮತ್ತೆ ಕಣ್ಣಿಗೆ. ಚೀಟಿಯಲ್ಲಿ ಕ್ಯಾಮೆರಾದ ಹೆಸರಿಲ್ಲ. ಮೊದಲ ಖಗ್ರಾಸದಲ್ಲಿ ಗುಂಡಿ ಒತ್ತುತ್ತಾ ಕೂರಬೇಡಿ ಎನ್ನುವುದು ಗ್ರಹಣದ ಬೆನ್ನು ಹತ್ತಿದ ಹಳಬರೆಲ್ಲರ ಮಾತು. ನನಗೂ ಅದೇ ಸರಿಯೆನಿಸುತ್ತದೆ.

ಅವತ್ತು ವಿಜ್ಞಾನಿಗಳ ಕಣ್ಣು ಆ ಕರೋನಾದ ಬುಡದ ಮೇಲೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಅದರಿಂದ ದೂರವಿರುವ ಕರೋನಾ ಹತ್ತು ಲಕ್ಷ ಡಿಗ್ರಿಯ ಮೇಲೆ! ಒಲೆಯಿಂದ ದೂರ ಸರಿದಷ್ಟೂ ಶಾಖ ಏರುವುದು ಹೇಗೆ ಎಂಬ ಒಗಟು ಇನ್ನೂ ಪೂರ್ತಿ ಬಿಡಿಸಿಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್1 ನೌಕೆಯ ಮುಖ್ಯ ಉಪಕರಣ ಮಾಡುತ್ತಿರುವುದು ಇದೇ ಕೆಲಸ, ಸೂರ್ಯಬಿಂಬವನ್ನು ಮರೆಮಾಡಿ ತನಗೆ ಬೇಕಾದಾಗ ಗ್ರಹಣ ಸೃಷ್ಟಿಸಿಕೊಳ್ಳುವುದು. ಅದನ್ನು ಕಟ್ಟಿದ್ದು ಖಭೌತ ಸಂಸ್ಥೆಯ ಹೊಸಕೋಟೆಯ ಆವರಣದಲ್ಲಿ. ಜವಳಗೇರಾದಲ್ಲಿ ಗ್ರಹಣಕ್ಕೆ ಕಾದ ಸಂಸ್ಥೆಯೇ ಈಗ ಗ್ರಹಣವನ್ನು ಆಕಾಶಕ್ಕೆ ಕಳಿಸಿದೆ.

ಇಲ್ಲೇ ಉಳಿಯುವವರಿಗೆ ಅವತ್ತು ಸಂಜೆ ಪಾರ್ಶ್ವ ಗ್ರಹಣ. ಆದರೆ ಅದು ಪುಷ್ಯ ಮಳೆ ಮುಗಿದು ಆಶ್ಲೇಷ ಹಿಡಿಯುವ ಸಂಧಿಕಾಲ. ಮಲೆನಾಡು, ಕರಾವಳಿಯವರು ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ, ಬಯಲುಸೀಮೆಯವರು ಇಟ್ಟುಕೊಳ್ಳಬಹುದು. ಮೋಡ ಬಿಟ್ಟುಕೊಟ್ಟರೆ ಅಡುಗೆಮನೆಯ ಜರಡಿಯನ್ನು ಬಿಸಿಲಿಗೆ ಹಿಡಿಯಿರಿ. ಗೋಡೆಯ ಮೇಲೆ ಬೀಳುವ ಒಂದೊಂದು ಬೆಳಕಿನ ಚುಕ್ಕಿಯೂ ಕಚ್ಚಿದ ಸೂರ್ಯನೇ. ಹೊಂಗೆ ಮರದ ಬುಡದಲ್ಲಂತೂ ನೂರಾರು. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಯಾವುದೂ ಬೇಡ. ಗ್ರಹಣದ ಕನ್ನಡಕದ ಮೇಲೆ ಐಎಸ್ಒ 12312-2 ಎಂದಿರಬೇಕು. ಹಾಕಿಕೊಂಡಾಗ ಮನೆಯ ಬಲ್ಬು ಸರಿಯಾಗಿ ಕಾಣುತ್ತಿದ್ದರೆ, ಅಥವಾ ಹಾಳೆಯಲ್ಲಿ ಒಂದು ಗೀರು ಕಂಡರೂ, ಅದನ್ನು ಎಸೆಯಿರಿ.

ಲಕ್ಸರ್ ಕೈತಪ್ಪಿದರೆ? 2034ರ ಮಾರ್ಚ್ 20. ಆ ನೆರಳು ಆಫ್ರಿಕದಿಂದ ಹೊರಟು, ಈಜಿಪ್ಟನ್ನು ಮತ್ತೊಮ್ಮೆ ಮುಟ್ಟಿ, ಇರಾನ್, ಆಫ್ಘಾನಿಸ್ತಾನ ದಾಟಿ ನಮ್ಮ ಲಡಾಖ್‌ಗೆ ಬರುತ್ತದೆ. ಪಾಸ್‌ಪೋರ್ಟ್ ಬೇಕಿಲ್ಲ, ಬೆಚ್ಚನೆಯ ಕೋಟು ಬೇಕು. ಮಾರ್ಚಿನಲ್ಲಿ ಅಲ್ಲಿನ ದಾರಿಗಳ ಮೇಲೆ ಹಿಮ ಇರುವುದರಿಂದ ತಿಂಗಳ ಮೊದಲೇ ವಿಚಾರಿಸಿಕೊಳ್ಳಬೇಕು. ಪಂಚಾಂಗ ತೆಗೆದು ನೋಡಿದೆ. ಅವತ್ತು ಫಾಲ್ಗುಣ ಅಮಾವಾಸ್ಯೆ, ಬೆಳಗಾದರೆ ಯುಗಾದಿ! ಬೇವು ಬೆಲ್ಲದ ಪೊಟ್ಟಣ ಕಾರ್ಗಿಲ್‌ವರೆಗೆ ಕೆಡದೆ ಬರುತ್ತದೆಯೇ ಎಂದು ಮನೆಯಲ್ಲಿ ಈಗಲೇ ಚರ್ಚೆ ಶುರುವಾಗಿದೆ.